ಡುವಾಲ್‌ನಲ್ಲಿ ಕೇಳಿಸಿದ ಎರಡು ಗುಂಡು

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಯಾರಾದರೂ ಹೇಳತೊಡಗಿದರೆ ಮರ್ಯಾದೆಗೆ ಕೇಳಿಸಿಕೊಳ್ಳುತ್ತಿದ್ದೆ. ಒಳಗೊಳಗೇ ಕಾರಣ ಹುಡುಕುತ್ತಿದ್ದೆ. ಬಹಳ ಸಲ ಸಿಗುತ್ತಲೂ ಇತ್ತು. ಈ ಒಂದಕ್ಕೆ ಮಾತ್ರ ಇನ್ನೂ ಸಿಕ್ಕಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಎರಡು ಸಾವಿರದ ದಶಕದ ನಡುವಿನ ಮಾತು. ನಾನಾಗ ಹೊರದೇಶದಲ್ಲಿ, ರೆಂಟನ್ ಎಂಬ ಪಟ್ಟಣದಲ್ಲಿ ವಿಮಾನದ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದೆ. ಅಲ್ಲಿ ಗೆಳೆಯನಾದವನು ವಿರಾಜಪೇಟೆ ಕಡೆಯ ಮುತ್ತಣ್ಣ. ನಾನು ಮಂಡ್ಯದವನು, ಬಂದೂಕನ್ನು ಹತ್ತಿರದಿಂದ ಕಂಡದ್ದು ಬ್ಯಾಂಕಿನ ಬಾಗಿಲಲ್ಲಿ ಮಾತ್ರ. ಅವನಿಗೆ ಅದು ಮನೆಯವರಲ್ಲಿ ಒಬ್ಬರಿದ್ದ ಹಾಗೆ. ಅಲ್ಲೇ ಹತ್ತಿರದ ಡುವಾಲ್‌ನಲ್ಲಿ ಅವನ ಮನೆಯ ಹಿಂದೆ ಹುಲ್ಲುಗಾವಲು, ಅದರ ಕೊನೆಗೆ ಗುರಿ ಅಭ್ಯಾಸಕ್ಕೆಂದು ಹಾಕಿಸಿದ ಎತ್ತರದ ಮಣ್ಣಿನ ದಿಬ್ಬ. ಗರಾಜಿನಲ್ಲಿ ತೋಟೆ ತುಂಬುವ ಮೇಜು.

ಒಮ್ಮೆ ಹಾರಿಸಿದ ತೋಟೆಯ ಹಿತ್ತಾಳೆ ಕೊಳವೆಯನ್ನು ಎಸೆಯದೆ ಅದಕ್ಕೆ ಮತ್ತೆ ಮದ್ದು ತುಂಬಿ, ಬಾಯಿಗೆ ಹೊಸ ಗುಂಡು ಕೂರಿಸುವ ಕೆಲಸ ಅದು. ಅಳತೆಯ ಕೆಲಸವಾದ್ದರಿಂದ ನನಗೂ ಹಿಡಿಸಿತ್ತು. ಮುತ್ತಣ್ಣ ಮೊದಲ ದಿನವೇ ಒಂದು ಮಾತು ಹೇಳಿದ್ದ. ಮದ್ದಿಲ್ಲದ ತೋಟೆಯೊಂದು ರೈಫಲ್ ಸೇರಿದರೆ, ತಳದ ಕಿಡಿಯ ಬಲವೊಂದರಿಂದಲೇ ಹೊರಟ ಗುಂಡು ಹೊರಬೀಳದೆ ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ತಾನಾಗಿ ಮುಂದಿನ ತೋಟೆ ತುಂಬಿಕೊಳ್ಳಬೇಕಾದ ಸೆಮಿ ಆಟೊಮ್ಯಾಟಿಕ್ ಸುಮ್ಮನಾಗುತ್ತದೆ. ಹೊಡೆಯುವವನು ಎಲ್ಲೋ ಸಿಕ್ಕಿಕೊಂಡಿದೆ ಎಂದು ಕೈಯಿಂದಲೇ ಮುಂದಿನದನ್ನು ಎಳೆದು ಕುದುರೆ ಒತ್ತಿದರೆ, ರೈಫಲ್ ಅವನ ಮುಖದ ಪಕ್ಕದಲ್ಲೇ ಸಿಡಿಯುತ್ತದೆ. ಅದಕ್ಕೇ ಗುಂಡು ಕೂರಿಸುವ ಮೊದಲು ಪ್ರತಿ ಕೊಳವೆಯೊಳಗೂ ಟಾರ್ಚ್ ಬಿಟ್ಟು ನೋಡುವುದು ಅವನ ಪದ್ಧತಿ.

ಸೆಪ್ಟೆಂಬರ್ ಆರಂಭದ ಒಂದು ಶನಿವಾರ. ಮರುದಿನ ಅವರ ಮನೆಯಲ್ಲಿ ಕೈಲ್ ಮುಹೂರ್ತ. ಊರಿನ ಹಬ್ಬವನ್ನು ಭಾನುವಾರಕ್ಕೆ ಹೊಂದಿಸಿಕೊಂಡಿದ್ದರು. ಬಂದೂಕುಗಳಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವುದು. ಮೊದಲ ಸರದಿ ಮನೆಯ ಯಜಮಾನನದು, ಅಂದರೆ ಮುತ್ತಣ್ಣನದು. ಅವನ ಹೆಂಡತಿ ಕಾವೇರಿ ತುಂಬಿದ ಬಸುರಿ. ಹೆರಿಗೆಗೆಂದು ಮುತ್ತಣ್ಣನ ತಾಯಿ ಊರಿನಿಂದ ಬಂದಿದ್ದರು.

ಸಂಜೆ, ಇನ್ನೂ ಚೆನ್ನಾಗಿ ಬೆಳಕಿತ್ತು. ಕೊಳವೆಗಳಿಗೆಲ್ಲ ಮದ್ದು ಹಾಕಿ, ಟಾರ್ಚ್ ಬಿಟ್ಟು ನೋಡಿ ಮುಗಿಸಿದೆವು. ಕಾವೇರಿ ಕರೆದಳೆಂದು ನಾನು ರೈಫಲ್‌ಗಳನ್ನು ದೇವರ ಕೋಣೆಯಲ್ಲಿಡಲು ಒಳಗೆ ಹೋದೆ. ಮರಳುವಾಗ ಮುತ್ತಣ್ಣನ ತಾಯಿ ಅಕ್ಕಿಯ ತಟ್ಟೆ ಹಿಡಿದು ಗರಾಜಿನಿಂದ ಹೊರಬರುತ್ತಿದ್ದರು. ಮಗನನ್ನೂ ಮೇಜನ್ನೂ ಹರಸಿ ಅಕ್ಕಿ ಹಾಕಿದ್ದರು. ನೆಲದಲ್ಲಿ ಕಾಳು ಬಿದ್ದಿದ್ದವು. ಗುಂಡು ಕೂರಿಸತೊಡಗಿದೆವು. ಕೊನೆಕೊನೆಯ ಕೆಲವು ಬಾಕಿ ಇದ್ದಾಗ ಹುಲ್ಲುಗಾವಲಿನ ಕಡೆಯಿಂದ ಗುಂಡಿನ ಸದ್ದು ಕೇಳಿತು. ಒಂದು, ಅದರ ಬೆನ್ನಿಗೇ ಇನ್ನೊಂದು.

"ಯಾರೋ ಗುಂಡು ಹೊಡೆದ್ರಲ್ಲ, ಇಲ್ಲೇ ಹಿಂದೆ," ಎಂದೆ.

"ಎಂಥ ಗುಂಡು ಮಾರಾಯ, ನಿನ್ನ ಹೊಟ್ಟೆ ಗುಡುಗಿದ್ದು. ಕಡಂಬುಟ್ಟು ಇನ್ನೂ ಬೆಂದಿಲ್ಲ, ತಡ್ಕೋ."

ಅವನು ನನ್ನಿಂದ ತೋಳಳತೆಯಲ್ಲಿದ್ದ. ಅವನ ನಾಯಿ ಗುಂಡಿನ ಸದ್ದು ಕೇಳಿದರೆ ಅವಿತುಕೊಳ್ಳುವಂಥದ್ದು. ಬಾಗಿಲಲ್ಲಿ ಮಲಗಿದ್ದ ಅದು ತಲೆಯನ್ನೂ ಎತ್ತಲಿಲ್ಲ. ಆದರೂ ನನಗೆ ಕೇಳಿದ್ದು ಸ್ಪಷ್ಟ. "ಎರಡು ಸಲ ಹೊಡೆದ್ರು ಕಣೋ, ಒಂದರ ಹಿಂದೆ ಒಂದು," ಎಂದೆ. ಅವನ ಕೈ ನಿಂತಿತು.

"ಎರಡೇನಾ?" ಎಂದು ಕೇಳಿದ. ದನಿ ಬದಲಾಗಿತ್ತು.

ಅವನು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಅವರ ಕಡೆ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಿದ್ದರಂತೆ. ಒಂದರ ಬೆನ್ನಿಗೆ ಇನ್ನೊಂದು ಕೇಳಿದರೆ ಸಾವು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಗೆ ಹೊರಡಬೇಕು. ಇದನ್ನು ಅದಕ್ಕೂ ಮೊದಲು ನಾನು ಯಾರಿಂದಲೂ ಕೇಳಿರಲಿಲ್ಲ. ಈ ಒಂದು ಮಾತಿನಲ್ಲಿ ಓದುಗರು ನನ್ನನ್ನು ನಂಬಬೇಕು.

ವಿಷಯ ತಾಯಿಯ ಕಿವಿಗೂ ಬಿತ್ತು. ಅವರು ನಗಲಿಲ್ಲ. ಯಾವ ದಿಕ್ಕಿನಿಂದ ಬಂತು ಎಂದಷ್ಟೇ ಕೇಳಿ, ಊರಿಗೆ ಫೋನ್ ಮಾಡಿಸಿದರು. ಅಲ್ಲಿ ಎಲ್ಲರೂ ಚೆನ್ನಾಗಿದ್ದರು. ನಮಗೆಲ್ಲ ಹಗುರವಾಯಿತು, ಅವರಿಗೆ ಆಗಲಿಲ್ಲ.

"ಕೆಲಸ ಅಲ್ಲಿಗೇ ಬಿಡು. ಇವತ್ತು ಮಾಡಿದ ತೋಟೆ ನಾಳೆ ತೆಗೀಬೇಡ," ಎಂದರು.

"ಬೇರೆ ತೋಟೆ ಇಲ್ಲ ಅವ್ವ. ಕಾಯಿಗೆ ಕಲ್ಲು ಹೊಡೀಲಾ?"

"ಹಾಗಾದ್ರೆ ಒಂದೊಂದನ್ನೂ ಮತ್ತೆ ನೋಡಿ ತೆಗಿ. ನೋಡಿದೀನಿ ಅಂತ ಹೇಳ್ಬೇಡ, ಮತ್ತೆ ನೋಡು."

ಬೆಳಿಗ್ಗೆ ಪೂಜೆಗೆ ಮೊದಲು ಇಬ್ಬರೂ ಕೂತು ಒಂದೊಂದೇ ತೋಟೆಯನ್ನು ತಕ್ಕಡಿಗೆ ಹಾಕಿದೆವು. ತಾಯಿಯ ಸಮಾಧಾನಕ್ಕೆ ಎಂದುಕೊಂಡೇ ಶುರುಮಾಡಿದ್ದು. ಒಂದು ತೋಟೆ ಹಗುರವಾಗಿ ಬಂತು. ಮತ್ತೆ ಇಟ್ಟೆವು, ಹಾಗೇ ಬಂತು. ಕಿವಿಯ ಬಳಿ ಅಲ್ಲಾಡಿಸಿದರೆ ಮದ್ದಿನ ಸರಸರ ಇಲ್ಲ. ಮುತ್ತಣ್ಣ ಗುಂಡು ಎಳೆದು ತೆಗೆದು ಕೊಳವೆಯನ್ನು ಕಾಗದದ ಮೇಲೆ ಮಗುಚಿದ. ಬಿದ್ದದ್ದು ಒಂದೇ ಒಂದು ಅಕ್ಕಿಕಾಳು.

ಮುತ್ತಣ್ಣ ಅದನ್ನು ಅಂಗೈಗೆ ತೆಗೆದುಕೊಂಡ. ಆಮೇಲೆ ನೆನಪಾಯಿತು ಅವನಿಗೆ. ತಾಯಿ ಹರಸಿದಾಗ ಒಂದು ಕೊಳವೆಯೊಳಗೆ ಅಕ್ಕಿ ಬಿದ್ದಿತ್ತು. ಬೇರೆ ಹಾಕೋಣವೆಂದು ಅದರ ಮದ್ದನ್ನು ಸುರಿದುಬಿಟ್ಟಿದ್ದ, ಒಂದು ಕಾಳು ಒಳಗೇ ಉಳಿದದ್ದು ಅವನಿಗೆ ಕಂಡಿರಲಿಲ್ಲ. ಅಷ್ಟರಲ್ಲಿ ತಾಯಿಯ ಕಾಲಿಗೆ ಬಗ್ಗಿ ಎದ್ದವನು ಖಾಲಿ ಕೊಳವೆಯನ್ನೇ ಸಾಲಿಗೆ ಸೇರಿಸಿದ್ದ. ಟಾರ್ಚ್ ಬಿಟ್ಟು ನೋಡುವುದು ಅದಕ್ಕೂ ಮೊದಲೇ ಮುಗಿದಿತ್ತು. ತಾಯಿಗೆ ಅಕ್ಕಿಯ ವಿಷಯ ಅವನು ಹೇಳಲಿಲ್ಲ. ಒಂದು ತೋಟೆ ಕೆಟ್ಟಿತ್ತು ಎಂದಷ್ಟೇ ಹೇಳಿದ.

ಪಕ್ಕದ ತೋಟದವರನ್ನು ನಾನೇ ಹೋಗಿ ವಿಚಾರಿಸಿದೆ. ಆ ಸಂಜೆ ಅವರು ಹೊರಗೇ ಇದ್ದರಂತೆ. ಯಾವ ಸದ್ದೂ ಕೇಳಿರಲಿಲ್ಲ. ನನಗೇ ಅರಿವಿಲ್ಲದೆ ಆ ಖಾಲಿ ಕೊಳವೆ ನನ್ನ ಕಣ್ಣಿಗೆ ಬಿದ್ದಿತ್ತೇ, ಮನಸ್ಸೇ ಎಚ್ಚರಿಸಿತೇ ಎಂದೂ ಯೋಚಿಸಿದ್ದೇನೆ. ಇರಬಹುದು. ಆದರೆ ನಾನು ಕಲಿಯದ ಆ ಎರಡು ಗುಂಡಿನ ಲೆಕ್ಕವನ್ನು ನನ್ನ ಮನಸ್ಸು ಎಲ್ಲಿಂದ ತಂದಿತು?

ಅಕ್ಟೋಬರ್‌ನಲ್ಲಿ ಕಾವೇರಿಗೆ ಹೆಣ್ಣುಮಗುವಾಯಿತು. ಮಗುವನ್ನು ಮನೆಗೆ ತಂದ ದಿನ ನಾನೂ ಅಲ್ಲಿದ್ದೆ. ಹೆಣ್ಣಾದರೆ ಗುಂಡಿಲ್ಲವೇ ಅವ್ವ ಎಂದು ಮುತ್ತಣ್ಣ ತಾಯಿಯನ್ನು ಕೆಣಕಿದ.

"ಹೊಡಿ. ಹೊಡೆಯೋಕೆ ಅವಳ ಅಪ್ಪ ಇದಾನಲ್ಲ," ಎಂದರು ಅವರು, ಮಗುವಿನಿಂದ ಕಣ್ಣು ತೆಗೆಯದೆ. ಅವರಿಗೆ ಎಷ್ಟು ಗೊತ್ತಿತ್ತೋ ನನಗೆ ತಿಳಿಯದು.

ಮುತ್ತಣ್ಣ ಹುಲ್ಲುಗಾವಲಿಗೆ ಹೋಗಿ ಮಣ್ಣಿನ ದಿಬ್ಬಕ್ಕೆ ಒಂದು ಗುಂಡು ಹೊಡೆದ. ನಾಯಿ ಓಡಿಹೋಗಿ ಕಾರಿನಡಿ ಸೇರಿತು. ಒಳಗಿನಿಂದ ಮಗು ಅತ್ತಿತು. ಎಲ್ಲರೂ ನಗುತ್ತಿದ್ದರು. ನಾನೊಬ್ಬ ಮಾತ್ರ ಇನ್ನೊಂದು ಸದ್ದಿಗೆ ಕಿವಿಗೊಟ್ಟು ನಿಂತಿದ್ದೆ. ಅದು ಬರಲಿಲ್ಲ.