ಎಡಕ್ಕೆ ಉಬ್ಬಿದ ದೋಣಿ

ಮೂವತ್ತೊಂದು ವರ್ಷ ಗಣಿತ ಕಲಿಸಿದವಳಿಗೆ ಒಂದು ಕೆಟ್ಟ ಚಾಳಿ ಅಂಟಿರುತ್ತದೆ. ಕಣ್ಣಿಗೆ ಬಿದ್ದ ತಪ್ಪನ್ನು ತಿದ್ದದೆ ಅವಳಿಗೆ ತಡೆಯಲಾಗುವುದಿಲ್ಲ. ಲಗ್ನಪತ್ರಿಕೆಯಲ್ಲಿ ತಾರೀಖಿಗೂ ವಾರಕ್ಕೂ ತಾಳೆಯಾಗದಿದ್ದರೆ ಊಟಕ್ಕೆ ಕೂತಲ್ಲೇ ಹೇಳಿಬಿಡುತ್ತೇನೆ. ಬಾಗಲಕೋಟೆ ನವನಗರದ ನಮ್ಮ ಸೆಕ್ಟರಿನವರಿಗೆ ಇದು ರೂಢಿಯಾಗಿದೆ. ಹಿಂದಿನಿಂದ ನಗುತ್ತಾರೆ, ಎದುರಿಗೆ ಹೌದ್ರಿ ಅನ್ನುತ್ತಾರೆ.

ನಮ್ಮಣ್ಣ ಕೂಡಲಸಂಗಮದ ಹತ್ತಿರ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದವನು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಅಪ್ಪನ ಕೈಯಿಂದ ಹುಟ್ಟು ತೆಗೆದುಕೊಂಡ. ದೋಣಿ ಕಟ್ಟುವುದನ್ನೂ ಅಪ್ಪನಿಂದಲೇ ಕಲಿತ. ಅದೇ ದೋಣಿಯಲ್ಲಿ ಆರು ವರ್ಷ ಹೊಳೆ ದಾಟಿ ನಾನು ಹೈಸ್ಕೂಲು ಮುಗಿಸಿದೆ. ಮನೆಯಲ್ಲಿ ಬುದ್ಧಿವಂತೆ, ಶಾಣ್ಯಾಳು ಅಂತ ನನ್ನ ಹೆಸರು, ಕಸುವಿನವನು ಅಂತ ಅವನ ಹೆಸರು. ಈ ಹಂಚಿಕೆಯನ್ನು ನಾವಿಬ್ಬರೂ ಎಂದೂ ಪ್ರಶ್ನಿಸಲಿಲ್ಲ.

ಸೇತುವೆಯಾಗಿ ದೋಣಿ ದಂಡೆ ಸೇರಿದ ಮೇಲೆ ಅಣ್ಣ ಅದನ್ನೇ ಸಣ್ಣದಾಗಿ ಕಟ್ಟತೊಡಗಿದ. ಎರಡಡಿ ಉದ್ದದ ದೋಣಿ. ಒಂದೊಂದು ತುಂಡನ್ನೂ ಸಣ್ಣ ಗರಗಸದಲ್ಲಿ ಕೊಯ್ದು, ಉಜ್ಜಿ ನುಣುಪು ಮಾಡಿ, ಅಂಟು ಹಾಕಿ ಕೂಡಿಸುತ್ತಿದ್ದ. ಕೇಳಿದವರಿಗೆ ಕೊಡುತ್ತಿದ್ದ, ಕೇಳದವರಿಗೂ ಕೊಡುತ್ತಿದ್ದ.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಕಾಲು ತಕ್ಕಮಟ್ಟಿಗೆ ತಿರುಗಿ ಬಂತು, ಬಲಗೈ ಬರಲಿಲ್ಲ. ವ್ಯಾಯಾಮ ಮಾಡಿಸುವವರು ಇಲ್ಲೇ ಇದ್ದಾರೆಂದು ಅವನನ್ನೂ ಅವನ ಹೆಂಡತಿ ವೈನಿಯನ್ನೂ ನನ್ನ ಮನೆಗೆ ಕರೆತಂದೆ. ಎಡಗೈಗೆ ಕೆಲಸ ಕೊಡಿರಿ, ಇಲ್ಲವಾದರೆ ಮನುಷ್ಯ ಹಾಸಿಗೆಗೇ ಒಗ್ಗಿಬಿಡುತ್ತಾನೆ ಎಂದು ದವಾಖಾನೆಯಲ್ಲಿ ಎಚ್ಚರಿಸಿದ್ದರು. ಅಣ್ಣ ಆ ಕೈಯಲ್ಲಿ ರೊಟ್ಟಿ ಕೂಡ ಮುರಿಯುತ್ತಿರಲಿಲ್ಲ. ವೈನಿಯೇ ತುತ್ತು ಮಾಡಿ ಬಾಯಿಗಿಡಬೇಕು. ನಾನು ರೇಗಿದರೆ ಗೋಡೆಯ ಕಡೆ ಹೊರಳಿ, "ನಂದು ಮುಗೀತು ಬಿಡವ್ವಾ," ಅನ್ನುತ್ತಿದ್ದ. ಸಿಟ್ಟಿನಲ್ಲಿ ಅಂದಿದ್ದರೆ ಚಿಂತೆಯಿರಲಿಲ್ಲ. ಬಸ್ಸು ಹೋಯಿತು ಅನ್ನುವಷ್ಟು ಸಲೀಸಾಗಿ ಅನ್ನುತ್ತಿದ್ದ. ಇವನು ಹೀಗೇ ನಂದಿಹೋಗುತ್ತಾನೆ ಎಂದು ನನಗೆ ನಿಜವಾಗಿ ಭಯವಾಯಿತು.

ಆಗಲೇ ಪಕ್ಕದ ಮನೆಯ ಬಾಗಿಲಿಗೆ ಹೊಸ ಹೆಸರುಫಲಕ ಬಂತು. ಕಟ್ಟಿಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಳ್ಳಿ ಕೊರೆದಿದ್ದರು. ಲೇಸರ್ ಮಷೀನಿನದಂತೆ. ತಲೆಯಲ್ಲಿ ಫಕ್ಕನೆ ಬೆಳಕಾಯಿತು. ಗರಗಸದ ಕೆಲಸವನ್ನು ಮಷೀನು ಮಾಡಿದರೆ, ಕೂಡಿಸುವುದನ್ನು ಎಡಗೈ ಮಾಡಬಹುದಲ್ಲ! ವೈನಿ ಊರಿಗೆ ಹೋಗಿ ಅಣ್ಣನ ಟ್ರಂಕಿನಿಂದ ನಮೂನೆಯ ಕಾಗದಗಳನ್ನು ತಂದರು. ಹಳೆಯ ಕ್ಯಾಲೆಂಡರಿನ ಹಾಳೆಗಳಲ್ಲಿ ಕತ್ತರಿಸಿದವು. ದೋಣಿಯ ಒಡಲಿಗೆ ಅಡ್ಡಲಾಗಿ ಕೂಡುವ ಹನ್ನೊಂದು ಪಕ್ಕೆಗಳು, ಒಂದು ತಳಪಟ್ಟಿ. ಪ್ರತಿಯೊಂದರ ನಡುವೆ ಸೀಸದಕಡ್ಡಿಯ ಗೆರೆ.

ನಾನು ಮೊದಲ ಪಕ್ಕೆಯನ್ನು ಆ ಗೆರೆಯ ಮೇಲೆ ಮಡಿಸಿದೆ, ಆರನೇ ತರಗತಿಯಲ್ಲಿ ಸಮಮಿತಿ ಕಲಿಸುವಾಗ ಚಿಟ್ಟೆಯ ಚಿತ್ರ ಮಡಿಸುತ್ತೇವಲ್ಲ, ಹಾಗೆ. ಎರಡು ಅರ್ಧಗಳು ಕೂಡಲಿಲ್ಲ. ಎಡಭಾಗ ಒಂದು ಬೆರಳು ಹೊರಗೆ ಬಂತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಅಯ್ಯೋ ಪಾಪ ಅನ್ನಿಸಿತು. ಲಕ್ವಕ್ಕೆ ಮೊದಲೇ ಇವನ ಕೈ ನಡುಗುತ್ತಿತ್ತೇನೋ, ಯಾರಿಗೂ ಹೇಳದೆ ನುಂಗಿಕೊಂಡಿದ್ದನೇನೋ ಎಂದು ಕಣ್ಣು ತೇವವಾದವು. ಕತ್ತರಿ ತಂದು ಹನ್ನೆರಡನ್ನೂ ಮಡಿಸಿ, ಹೆಚ್ಚಿಗೆ ಇದ್ದದ್ದನ್ನೆಲ್ಲ ಕತ್ತರಿಸಿ ಸಮ ಮಾಡಿದೆ. ಚೂರುಗಳು ಮರುದಿನದ ಕಸದ ಗಾಡಿಗೆ ಹೋದವು.

ಲೇಸರ್ ಅಂಗಡಿಯವನು ಮೊದಲು ಬೋರ್ಡು ಬರೆಯುತ್ತಿದ್ದ ಪೇಂಟರು. ಕಾಗದಗಳನ್ನು ಕಂಪ್ಯೂಟರಿಗೆ ಏರಿಸಿಕೊಂಡು, "ಭಾರಿ ನೀಟಾಗ್ಯಾವಲ್ರಿ ಅಕ್ಕೋರ! ಯಾರು ಮಾಡ್ಯಾರ್ರಿ?" ಎಂದ. "ನಮ್ಮಣ್ಣ," ಅಂದೆ. ಒಳಗೊಳಗೇ, ನಾನೂ ಒಂದಿಷ್ಟು, ಅಂದುಕೊಂಡೆ. ಪ್ಲೈವುಡ್ಡಿನ ಮೇಲೆ ಬೆಳಕಿನ ಚುಕ್ಕೆ ಓಡಿದಲ್ಲೆಲ್ಲ ಹೊಗೆ ಏಳುತ್ತಿತ್ತು. ಸುಟ್ಟ ಅಂಚಿನ ಕಪ್ಪು ಬೆರಳಿಗೆ ಹತ್ತುತ್ತಿತ್ತು. ಅಣ್ಣನಿಗೆ ಒಂದು ವಾರ ಹಿಡಿಯುವ ಕೆಲಸ ನಾನು ಎರಡು ಕಪ್ಪು ಚಹಾ ಕುಡಿಯುವುದರಲ್ಲಿ ಮುಗಿಯಿತು.

ಮನೆಗೆ ತಂದು ಮಂಚದ ಮೇಲೆ ಹರವಿದೆ. ಅಣ್ಣ ಮೊದಲು ನೋಡಲಿಲ್ಲ. ಆಮೇಲೆ ಕಟ್ಟಿಗೆಯ ವಾಸನೆಗೋ ಏನೋ ಹೊರಳಿದ. ಎಡಗೈಯಲ್ಲಿ ನಡುವಿನ ಪಕ್ಕೆ ತೆಗೆದುಕೊಂಡು ಹೆಬ್ಬೆರಳನ್ನು ಅಂಚಿನ ಉದ್ದಕ್ಕೂ ಆಡಿಸಿದ. ನನಗೆ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಅವನ ಮುಖ ಬಿಗಿಯಿತು.

"ಇದಕ್ಕ ಕತ್ತರಿ ಹಾಕಿದವರು ಯಾರು?"

"ಮಷೀನ್ ಕೊರದೈತಣ್ಣ. ಕತ್ತರಿ ಎಲ್ಲಿಂದು?"

"ಮಷೀನಿಗೇನ್ ಗೊತ್ತು. ನನ್ನ ಕಾಗದಕ್ಕ ಯಾರು ಕೈ ಹಚ್ಚಿದ್ರು, ಅದನ್ನ ಹೇಳು."

ಹೇಳಿದೆ. ಎರಡೂ ಕಡೆ ಸಮ ಇರಲಿಲ್ಲ, ಸರಿಮಾಡಿದೆ ಅಂದೆ. ಅಣ್ಣ ಪಕ್ಕೆಯನ್ನು ಕೆಳಗೆ ಇಟ್ಟ. ಎಸೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ಹುಟ್ಟು ಹಾಕವ ದೋಣ್ಯಾಗ ಎಲ್ಲಿ ನಿಂದರ್ತಾನ?"

"ಹಿಂದ."

"ಹಿಂದ, ಯಾವ ಬಾಜೂಕ?"

ನೆನಪಿಸಿಕೊಂಡೆ. ಬಲಕ್ಕೆ. ಒಬ್ಬನೇ, ಒಂದೇ ಹುಟ್ಟು.

"ಬಲಕ್ಕ ನಿಂತು ಒಬ್ಬಾಂವ ಹುಟ್ಟು ಹಾಕಿದ್ರ ಮೂತಿ ಎಡಕ್ಕ ಹೊರಳ್ತೈತಿ. ಅದಕ್ಕಂತ ಎಡಗಡಿ ಹೊಟ್ಟಿ ದಪ್ಪ ಇಡ್ತೇವಿ. ಆವಾಗ ಅದು ಬಲಕ್ಕ ಎಳೀತೈತಿ. ಇದೂ ಅದೂ ಕೂಡಿ ನೆಟ್ಟಗ ಹೋಗ್ತೈತಿ. ಅಪ್ಪ ಹಂಗ ಕಟ್ಟತಿದ್ದ, ಅವರಪ್ಪನೂ ಹಂಗ ಕಟ್ಟತಿದ್ದ." ನಾಲಿಗೆ ತೊಡರುತ್ತಿತ್ತು, ಆದರೂ ನಿಲ್ಲಿಸಲಿಲ್ಲ. "ಆರು ವರ್ಷ ಅದರಾಗ ಕುಂತು ಸಾಲಿಗೆ ಹೋದಿ. ಒಂದು ದಿನಾನೂ ಕಣ್ಣಿಗೆ ಬೀಳಲಿಲ್ಲೇನು?"

ಬಿದ್ದಿರಲಿಲ್ಲ. ಪುಸ್ತಕ ಬಿಚ್ಚಿಕೊಂಡು ಕೂರುತ್ತಿದ್ದೆ. ಹೊಳೆಯೇ ಕಾಣುತ್ತಿರಲಿಲ್ಲ, ಇನ್ನು ದೋಣಿಯ ಹೊಟ್ಟೆ ಎಲ್ಲಿ ಕಾಣಬೇಕು.

ಅಣ್ಣ ಗೋಡೆಯ ಕಡೆ ಹೊರಳಿದ. ಎರಡು ದಿನ ವ್ಯಾಯಾಮಕ್ಕೂ ಏಳಲಿಲ್ಲ, ನನ್ನ ಜೊತೆ ಮಾತೂ ಇಲ್ಲ. ಹಳೆಯ ದೋಣಿ ಎಂದೋ ಒಲೆ ಸೇರಿತ್ತು. ಕೊಟ್ಟ ಸಣ್ಣ ದೋಣಿಗಳು ಯಾರ ಮನೆಯಲ್ಲಿ ಏನಾಗಿವೆಯೋ. ಅಪ್ಪನ ಅಳತೆ ಉಳಿದಿದ್ದದ್ದು ಆ ಹಾಳೆಗಳಲ್ಲಿ ಮಾತ್ರ. ಶಾಣ್ಯಾಳು ಅನ್ನಿಸಿಕೊಂಡ ನಾನು ಅದನ್ನು ಚಿಟ್ಟೆ ಮಾಡಿ ಕೂತಿದ್ದೆ. ಅವನಿಗೆ ಇದ್ದ ಒಂದೇ ಒಂದು ಆಸರೆಯನ್ನೂ ನಾನೇ ಕತ್ತರಿಸಿದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ವೈನಿ ಮಾತ್ರ ಸುಮ್ಮನಿರಲಿಲ್ಲ. "ಇಬ್ಬರೂ ಮುಸುಡಿ ತಿರುವಿಕೊಂಡು ಕುಂತ್ರ ದೋಣಿ ಆಕ್ಕೈತೇನು? ತಪ್ಪು ಮಾಡಿದಾಕಿ ಹೋಗಿ ಕೇಳವ್ವಾ," ಎಂದು ನನ್ನನ್ನೇ ದಬ್ಬಿದರು.

ಮೂರನೆಯ ದಿನ ಮುಂಜಾನೆ ಅವನ ಮಂಚದ ಪಕ್ಕ ನೆಲದ ಮೇಲೆ ದಪ್ಪ ಹಾಳೆ ಹರವಿ, ಸೀಸದಕಡ್ಡಿ ಹಿಡಿದು ಕೂತೆ. "ಅಣ್ಣಾ, ನನ್ನದು ತಪ್ಪಾತು. ನೀ ಹೇಳು, ನಾ ಬರೀತೇನಿ." ಅವನು ಗೋಡೆಯ ಕಡೆಗೇ ಇದ್ದ. ನಾನು ಏಳಲಿಲ್ಲ. ಕೊನೆಗೆ ಹೊರಳಿದ.

"ಹೊರಗ ತುಗೊ. ಇನ್ನೂ ಹೊರಗ. ಹಾಂ... ಅಷ್ಟಲ್ಲ, ಒಳಗ ಬಾ."

"ಎಷ್ಟು ಸೆಂಟಿಮೀಟರ್ ಅಂತ ಹೇಳಣ್ಣ."

"ಎಷ್ಟು ಅಂದ್ರ? ಸಾಕಾಗುವಷ್ಟು."

ನಾನು ಗೀಚಿದೆ, ಅವನು ತಲೆಯಾಡಿಸಿದ. ಅಳಿಸಿದೆ, ಮತ್ತೆ ಗೀಚಿದೆ. ಐದು ಸಲ, ಹತ್ತು ಸಲ. ಆಯುಷ್ಯವೆಲ್ಲ ಮಕ್ಕಳ ನೋಟುಬುಕ್ಕುಗಳಲ್ಲಿ ಕೆಂಪು ಗೀಟು ಹಾಕಿದವಳ ಬೆವರು ಕಿತ್ತುಬಂತು. ಅಣ್ಣನ ತಾಳ್ಮೆ ನನಗಿಂತ ಮೊದಲು ಮುಗಿಯಿತು. "ತಾ ಇಲ್ಲಿ! ಇಷ್ಟು ವರ್ಷ ಸಾಲ್ಯಾಗ ಏನ್ ಕಲಿಸಿದಿ?" ಎಂದು ಮಂಚದಿಂದ ಕೆಳಗೆ ಜಾರಿ ಕೂತು, ನನ್ನ ಕೈಯಿಂದ ಸೀಸದಕಡ್ಡಿ ಕಿತ್ತುಕೊಂಡ.

ಎಡಗೈಯಿಂದ.

ಬಾಗಿಲಲ್ಲಿ ವೈನಿ ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟಿದ್ದರು. ಗೆರೆ ನಡುಗಿತು, ಅಲ್ಲಲ್ಲಿ ತಪ್ಪಿತು, ಆದರೆ ಎಲ್ಲಿ ಉಬ್ಬಬೇಕೋ ಅಲ್ಲಿ ಉಬ್ಬಿತು. ಹನ್ನೆರಡು ನಮೂನೆ ಆಗಲು ಎಂಟು ದಿನ ಹಿಡಿಯಿತು. ಪೇಂಟರು ಅವನ್ನು ನೋಡಿ, "ಗೀಟು ಅಂಕುಡೊಂಕು ಆಗ್ಯಾವಲ್ರಿ ಅಕ್ಕೋರ, ಕಂಪ್ಯೂಟರಿನ್ಯಾಗ ನೆಟ್ಟಗ ಮಾಡ್ಲೇನ್ರಿ?" ಎಂದ. "ಕೈ ಹಚ್ಚಿದ್ರ ನೋಡ್ರಿ ಮತ್ತ!" ಅಂದೆ. ಪಾಪ, ಅವನು ಬೆಚ್ಚಿಬಿದ್ದ.

ಕೂಡಿಸುವಾಗ ನಾನು ಹಿಡಿದೆ, ವೈನಿ ಅಂಟು ಹಚ್ಚಿದರು, ಒತ್ತುವುದು ಅಣ್ಣನ ಎಡ ಹೆಬ್ಬೆರಳಿನ ಕೆಲಸ. ಮುಗಿದ ದಿನ ಹಿತ್ತಲ ನೀರಿನ ಟಾಕಿಯಲ್ಲಿ ಬಿಟ್ಟು ನೋಡೋಣ ಅಂದೆ. "ಟಾಕ್ಯಾಗ ಏನ್ ತಿಳೀತೈತಿ? ಹೊಳಿಗೆ ನಡೀರಿ," ಎಂದ. ದವಾಖಾನೆಗಲ್ಲದೆ ಬೇರೆಲ್ಲಿಗೂ ಹೊಸ್ತಿಲು ದಾಟದವನು ತಾನಾಗಿ ಚಪ್ಪಲಿ ಕೇಳಿದ್ದು ಅದೇ ಮೊದಲು. ಆಟೋ ಮಾಡಿಕೊಂಡು ಹಿನ್ನೀರಿನ ದಂಡೆಗೆ ಹೋದೆವು. ಗಾಳಿ ಇರಲಿಲ್ಲ. ಅಣ್ಣ ಒಂದು ಕಲ್ಲಿನ ಮೇಲೆ ಕೂತ. ನಾನು ಸೀರೆ ಎತ್ತಿ ಕಟ್ಟಿ, ಮೊಣಕಾಲವರೆಗೆ ನೀರಿಗಿಳಿದು ದೋಣಿಯನ್ನು ಮೆಲ್ಲಗೆ ನೂಕಿದೆ.

ನಾಲ್ಕು ಮಾರು ನೆಟ್ಟಗೆ ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ಒಂದು ಮಾರು ಹೋಗಿ ಬಲಕ್ಕೆ ಹೊರಳಿತು, ಸುತ್ತು ಹಾಕಿ ದಂಡೆಗೇ ಬಂದು ಮುಟ್ಟಿತು.

"ಮತ್ತ ತಪ್ಪಾತೇನಣ್ಣಾ?"

ಅಣ್ಣ ನಗುತ್ತಿದ್ದ. ಲಕ್ವದ ನಗು, ಒಂದೇ ಕಡೆಗೆ. "ಬರೊಬ್ಬರಿ ಐತಿ. ಹುಟ್ಟು ಹಾಕವ ಇಲ್ಲಲ್ಲ ಅದರಾಗ, ಹಂಗ ಹೊರಳ್ತೈತಿ."

ಆಮೇಲೆ ಅವನು ತೊಡೆಯ ಮೇಲಿದ್ದ ತನ್ನ ಬಲಗೈಯನ್ನು ನೋಡಿದ. ಯಾರದೋ ಸಾಮಾನು ಕಾಯುತ್ತ ಕೂತವನ ಹಾಗೆ ನೋಡಿದ. ಹಾಳಾದ ಮಾತು ಮತ್ತೆ ಬಂತಲ್ಲಪ್ಪಾ, ಈಗ ನಂದು ಮುಗೀತು ಅನ್ನುತ್ತಾನೆ, ಅಂದುಕೊಂಡೆ. ಅಣ್ಣ ಮುಂದೆ ಬಾಗಿ ಎಡಗೈಯನ್ನು ನೀರಿಗೆ ಹಾಕಿದ. ಅಂಗೈ ಅಗಲಿಸಿ ಒಮ್ಮೆ ಹಿಂದಕ್ಕೆ ನೂಕಿದ. ಇನ್ನೊಮ್ಮೆ ನೂಕಿದ.

"ಇನ್ನೊಂದು ಕೊರಸು," ಎಂದ. "ಈ ಸಲ ಹೊಟ್ಟಿ ಬಲಕ್ಕ ಇರ್ಲಿ."

"ಬಲಕ್ಕ? ಅಪ್ಪ ಎಡಕ್ಕ ಇಡತಿದ್ದ ಅಂದಿಯಲ್ಲ?"

"ಅಪ್ಪ ಬಲಗೈಯಾಂವ," ಅಂದ ಅಣ್ಣ, ನೀರಿನಿಂದ ಕೈ ತೆಗೆಯದೆ. "ನಾ ಈಗ ಎಡಗೈಯಾಂವ."