ಲಾಕ್ ಕೂರುವ ಶಬ್ದ

ನಿಮ್ಮ ಕೆಲಸ ಏನೆಂದು ಮದುವೆಮನೆಗಳಲ್ಲಿ ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಕನೆಕ್ಟರ್ ಡಿಸೈನ್ ಎಂದರೆ, 'ಓ, ಪ್ಲಗ್ಗಾ?' ಎಂದು ಊಟದ ಕಡೆ ತಿರುಗುತ್ತಿದ್ದರು. ಸರಿ, ಪ್ಲಗ್ಗೇ ಅಂತಿಟ್ಟುಕೊಳ್ಳಿ. ಆದರೆ ಗೋಡೆಯದ್ದಲ್ಲ. ಯಂತ್ರಗಳ ಹೊಟ್ಟೆಯೊಳಗಿನ ಹಸಿರು ಸರ್ಕ್ಯೂಟ್ ಬೋರ್ಡಿನ ಮೇಲೆ ಬೆಸುಗೆ ಹಾಕಿ ಕೂರಿಸುವ, ಉಗುರಿನಷ್ಟು ಸಣ್ಣದು. ಬೋರ್ಡಿನ ಮೇಲೆ ಪಿನ್ನುಗಳಿರುವ ಒಂದು ಭಾಗ, ವಯರಿನ ತುದಿಯಲ್ಲಿ ಅದಕ್ಕೆ ಸಿಕ್ಕಿಸುವ ಇನ್ನೊಂದು ಭಾಗ. ಬೋರ್ಡಿನ ಭಾಗದ ನಕ್ಷೆ ನಾನು ಬರೆಯುತ್ತಿದ್ದೆ, ವಯರಿನದ್ದು ನನ್ನ ಗಂಡ. ಫಳ್ನೀರಿನ ಒಂದು ಕಟ್ಟಡದಲ್ಲಿ, ಕೆಳಗೆ ಔಷಧಿ ಅಂಗಡಿ, ಮಹಡಿಯ ಮೇಲೆ ನಾವಿಬ್ಬರೇ ಇದ್ದ ಆಫೀಸು.

ನನ್ನ ಮನೆಮಾತು ತುಳು, ಅವನದು ಕೊಂಕಣಿ. ಎರಡೂ ಕಡೆಯವರು ನಮ್ಮ ಮದುವೆಗೆ ಮುಖ ಊದಿಸಿಕೊಂಡಿದ್ದರಿಂದ ನಾವು ಯಾರ ಹಂಗೂ ಬೇಡವೆಂದು ಕನ್ನಡದಲ್ಲೇ ಸಂಸಾರ ಮಾಡಿದೆವು, ಕನ್ನಡದಲ್ಲೇ ಜಗಳ ಆಡಿದೆವು. ಜಗಳ ಹೆಚ್ಚಾಗಿ ನನ್ನದೇ. ಅವನು ಹಟ ಹಿಡಿಯುತ್ತಿದ್ದದ್ದು ಒಂದೇ ವಿಷಯಕ್ಕೆ, ಅದು ಲಾಕ್.

ಎರಡು ಭಾಗಗಳು ಪೂರ್ತಿ ಸೇರಿದಾಗ ಪ್ಲಾಸ್ಟಿಕ್ಕಿನ ಒಂದು ಸಣ್ಣ ನಾಲಿಗೆ ಟಿಕ್ ಎಂದು ಕೂತು ಹಿಡಿದುಕೊಳ್ಳುತ್ತದೆ. ಅದೇ ಲಾಕ್. ಕೂತದ್ದು ಸಿಕ್ಕಿಸಿದವರಿಗೆ ಕಣ್ಣಿಲ್ಲದೆಯೂ ಗೊತ್ತಾಗಬೇಕು, ಇಲ್ಲದಿದ್ದರೆ ಅರ್ಧ ಸಿಕ್ಕಿಸಿ ಬಿಟ್ಟುಬಿಡುತ್ತಾರೆ. ಹೊಸ ಸ್ಯಾಂಪಲ್ ಬಂದರೆ ಮೆಷಿನ್ನಿನಲ್ಲಿ ಎಲ್ಲ ಅಳೆದಾದ ಮೇಲೂ ಅವನು ಕಣ್ಣು ಮುಚ್ಚಿಕೊಂಡು ಕೈಯಲ್ಲಿ ಸಿಕ್ಕಿಸಿ ನೋಡುತ್ತಿದ್ದ. ಅವನ ಬಾಯಿಂದ 'ಕೂತಿತು' ಬಾರದೆ ಯಾವುದೂ ಪ್ಲಾಸ್ಟಿಕ್ ಎರೆಯುವ ಅಚ್ಚಿಗೆ ಹೋಗುತ್ತಿರಲಿಲ್ಲ.

'ಅಳತೆ ಸರಿ ಉಂಟಲ್ಲ, ಇನ್ನೆಂತ ನಿಂದು ಪ್ರಾರ್ಥನೆ?' ಎಂದು ರೇಗಿಸುತ್ತಿದ್ದೆ.

'ಸಿಕ್ಕಿಸುವವರು ನಿನ್ನ ಅಳತೆ ಓದ್ತಾರಾ ಮಾರಾಯ್ತಿ?'

ಕಡೆಯ ಕೆಲಸ ದೋಣಿಯವರದ್ದು. ಮೀನಿನ ಗುಂಪು ತೋರಿಸುವ ಯಂತ್ರಕ್ಕೆ ಕನೆಕ್ಟರ್ ಬೇಕಿತ್ತು. ಫೆರಿ ಹತ್ತಿ ಹೊಳೆಯಾಚೆ ಮೀನುಗಾರರ ಬೆಂಗ್ರೆಗೆ ಹೋಗಿ ದೋಣಿಗಳಲ್ಲಿ ಕೂತು ನೋಡಿ ಬಂದೆವು. ಉಪ್ಪುನೀರು, ಬಲೆ ಎಳೆದ ಒದ್ದೆ ಕೈ, ಇಂಜಿನ್ನಿನ ಗದ್ದಲ. ಶಬ್ದ ಕೇಳದಿದ್ದರೂ ಬೆರಳಿಗೆ ಗೊತ್ತಾಗಬೇಕು ಎಂದು ಬರುವ ದಾರಿಯಿಡೀ ನನ್ನ ತಲೆ ತಿಂದ. ಆ ವಾರವೇ ಅವನ ಕಾಯಿಲೆ ಗೊತ್ತಾದದ್ದು.

ಕ್ಯಾನ್ಸರ್. ಅದರಲ್ಲೇ ಅವನು ಹೋದ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಕಡೆಯವರೆಗೆ ಬಚ್ಚಿಟ್ಟು ಯಾರನ್ನೂ ಅಳಿಸುವ ಆಸೆ ನನಗಿಲ್ಲ. ನನ್ನ ಕರುಳು ಹಿಂಡುವುದು ಸಾವಿಗಿಂತ ಹೆಚ್ಚಾಗಿ ಅದಕ್ಕೂ ಮೊದಲಿನ ಒಂದು ಮಧ್ಯಾಹ್ನ.

ಕೀಮೋದಿಂದ ಬೆರಳ ತುದಿ ಮರಗಟ್ಟಬಹುದು, ಕಿವಿಯೂ ಮಂದವಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ದಿನಾ ಕೇಳುತ್ತಿದ್ದೆ. 'ಎಂತದೂ ಇಲ್ಲ, ಎಲ್ಲ ಸರಿ ಉಂಟು' ಎನ್ನುತ್ತಿದ್ದ. ಅಂಗಿಯ ಗುಂಡಿ ಮಾತ್ರ ನಾನು ಹಾಕಬೇಕಾಗುತ್ತಿತ್ತು. ಸುಸ್ತು ಎಂದ, ನಂಬಿದೆ. ಮಾತು ಅವನಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಆಸ್ಪತ್ರೆ ಹತ್ತಿರವೇ ಇದ್ದದ್ದರಿಂದ ಮೈಯಲ್ಲಿ ತ್ರಾಣ ಇದ್ದ ದಿನ ಆಫೀಸಿಗೆ ಬಂದು ಮೊದಲೇ ಒಪ್ಪಿದ್ದ ಕೆಲಸಗಳ ಸ್ಯಾಂಪಲ್ ನೋಡುತ್ತಿದ್ದ. ಒಮ್ಮೆಯೂ ತಪ್ಪು ಹೇಳಲಿಲ್ಲ. ಕೂತದ್ದನ್ನು ಕೂತಿತು ಎಂದ, ಕೂರದ್ದನ್ನು ಪಕ್ಕಕ್ಕೆ ಎಸೆದ. ಕಾಯಿಲೆ ಈ ಮನುಷ್ಯನ ಬೆರಳು ಮುಟ್ಟಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ದೋಣಿಯ ಕನೆಕ್ಟರಿನ ಸ್ಯಾಂಪಲ್ ಬಂದಾಗ ಕೆಲವಕ್ಕೆ ನಾನು ಲಾಕನ್ನು ಬ್ಲೇಡಿನಲ್ಲಿ ಕತ್ತರಿಸಿ ತೆಗೆದಿದ್ದೆ. ಲಾಕ್ ಇದ್ದರೆ ಪಿನ್ನುಗಳ ಹಿಡಿತವನ್ನಷ್ಟೇ ಬೇರೆಯಾಗಿ ಅಳೆಯಲು ಬರುವುದಿಲ್ಲ, ಈ ಕಸುಬಿನಲ್ಲಿ ಎಲ್ಲರೂ ಹಾಗೆಯೇ ಮಾಡುವುದು. ಎರಡೂ ಬಗೆಯವು ಒಂದೇ ಮೇಜಿನ ಮೇಲಿದ್ದವು. ಯಾವುದೆಂದು ನೋಡದೆ ಅವನ ಕೈಗೆ ಒಂದನ್ನು ಕೊಟ್ಟೆ. ಅಷ್ಟರಲ್ಲಿ ಕೆಳಗೆ ಯಾವನೋ ನಮ್ಮ ಸ್ಕೂಟರಿಗೆ ಅಡ್ಡ ಕಾರು ನಿಲ್ಲಿಸಿದ್ದು ಕಂಡು ಬೈಯಲು ಕಿಟಕಿಗೆ ಹೋದೆ.

'ಕೂತಿತು' ಎಂದ ನನ್ನ ಬೆನ್ನ ಹಿಂದೆ. 'ಒಳ್ಳೆ ಶಬ್ದ ಉಂಟು.'

ತಿರುಗಿ ನೋಡಿದೆ. ಅವನ ಕೈಯಲ್ಲಿದ್ದದ್ದು ಲಾಕ್ ಕತ್ತರಿಸಿದ ಸ್ಯಾಂಪಲ್. ನನ್ನ ಮುಖ ನೋಡಿ ಅವನು ಅದನ್ನು ಬೆಳಕಿಗೆ ಹಿಡಿದು ಮಗುಚಿದ.

'ಇದರಲ್ಲಿ ಲಾಕೇ ಇಲ್ಲ, ಅಲ್ವಾ?'

'ಯಾವಾಗಿಂದ ಹೀಗೆ?' ಎಂದೆ.

'ಎರಡನೇ ಕೀಮೋ ಆದ ಮೇಲೆ. ಬೆರಳಿಗೆ ಎಂತದೂ ಗೊತ್ತಾಗುವುದಿಲ್ಲ. ಮಾತು ಕೇಳ್ತದೆ, ಟಿಕ್ ಅನ್ನುವ ಸಣ್ಣ ಶಬ್ದ ಮಾತ್ರ ಕೇಳುವುದಿಲ್ಲ.'

'ಮತ್ತೆ ಇಷ್ಟು ದಿನ ಹೇಗೆ ಸರಿಯಾಗಿ ಹೇಳ್ತಾ ಇದ್ದಿ?'

ಅವನು ತಲೆ ತಗ್ಗಿಸಿದ. 'ಕಣ್ಣು ಪೂರ್ತಿ ಮುಚ್ತಾ ಇರ್ಲಿಲ್ಲ. ನಿನ್ನ ಮುಖ ನೋಡ್ತಿದ್ದೆ. ಶಬ್ದ ಬಂದ ಕೂಡ್ಲೆ ನಿನ್ನ ಹುಬ್ಬು ಸಡಿಲ ಆಗ್ತದೆ. ಇವತ್ತು ನೀನು ಕಿಟಕಿ ಹತ್ರ ಹೋದಿ.'

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಹತ್ತಿರ ಹೇಳಲಿಕ್ಕೆ ಎಂತ ಆಗಿತ್ತು ನಿನಗೆ, ಅಷ್ಟು ಪರಕೀಯಳಾದೆನಾ ಎಂದು ಬಾಯಿಗೆ ಬಂದಂತೆ ಬೈದೆ. ಎಲ್ಲ ಮುಗಿಯುವವರೆಗೆ ಅವನು ಕಾದ.

'ಹೇಳಿದ್ರೆ ಇದನ್ನೂ ನನ್ನ ಕೈಯಿಂದ ತೆಕ್ಕೊಳ್ತಿದ್ದಿ. ಮತ್ತೆ ನಾನು ಇಲ್ಲಿ ಬಂದು ಎಂತ ಮಾಡುವುದು? ಮಾತ್ರೆ ತಿನ್ನುತ್ತಾ ಕೂತ್ಕೊಳ್ಳುವುದಾ?'

ಅವನು ಹೇಳಿದ್ದು ನಿಜವೇ. ಸ್ಕೂಟರಿನ ಕೀ ತೆಗೆದಿಟ್ಟವಳು ನಾನೇ. ಮೀನು ತರಲು ಹೋಗಬೇಡ ಎಂದವಳೂ ನಾನೇ. ಉಳಿದಿದ್ದದ್ದು ಇದೊಂದು ಕೆಲಸ. ಅದೂ ಹೋದರೆ ತಾನು ಬರೀ ರೋಗಿಯಾಗುತ್ತೇನೆ ಎಂಬ ಹೆದರಿಕೆಯನ್ನು ಅವನು ಅಷ್ಟು ದಿನ ಒಬ್ಬನೇ ನುಂಗಿಕೊಂಡು ನನ್ನೆದುರು ಕೂತಿದ್ದ. ನನಗೆ ಅಳು ತಡೆಯಲಾಗಲಿಲ್ಲ. ಅವನು ಸುಮ್ಮನಿರಿಸಲು ಬರಲಿಲ್ಲ, ಅಳಲು ಬಿಟ್ಟ.

ಆಮೇಲೆ ಮೇಜಿನ ಮೇಲಿಂದ ಲಾಕ್ ಇರುವುದನ್ನು ಕಣ್ಣಲ್ಲೇ ಹುಡುಕಿ ತೆಗೆದು ನನ್ನ ಕೈಗೆ ಹಾಕಿದ.

'ಇನ್ನು ನೀನೇ ನೋಡು. ಕಣ್ಣು ಮುಚ್ಚು ಮೊದಲು.'

ನನಗೆ ಬೇಡವಾಗಿತ್ತು. ಆದರೂ ಮುಚ್ಚಿದೆ. ಎರಡು ಭಾಗಗಳನ್ನು ತಡವಿ, ಎದುರುಬದುರು ಹಿಡಿದು ಒತ್ತಿದೆ. ಟಿಕ್ ಎಂದಿತು. ಬೆರಳಿಗೂ ತಿಳಿಯಿತು, ಕಿವಿಗೂ ಸ್ಪಷ್ಟವಾಗಿ ಕೇಳಿಸಿತು. ಕಣ್ಣು ತೆರೆದರೆ ಅವನು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ನನ್ನ ಕೈಯನ್ನೇ ನೋಡುತ್ತಾ ಕಾಯುತ್ತಿದ್ದ.

'ಬಂತಾ ಶಬ್ದ?' ಎಂದು ಕೇಳಿದ.