ಮ್ಯೂನಿಕ್ ಡೇರೆಯಲ್ಲಿ ಕೇಳಿದ ಹೆಸರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ನಮ್ಮ ಯಜಮಾನರು ತೀರಿಕೊಂಡ ತಿಂಗಳಲ್ಲೇ, ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಹೆಣ್ಣುಮಕ್ಕಳು ಒಂದು ಮುಂಜಾನೆ ಬಂದು, "ಅಮ್ಮಾರ, ಸಾವ್ಕಾರ್ರು ಮಷೀನ್ ಹತ್ರ ನಿಂತಂಗಾತ್ರೀ" ಎಂದರು. "ನಿಂತಿದ್ರ ಬೆಲ್ಟ್ ಸಡ್ಲಾಗ್ಯದ, ಬಿಗದು ಹೋಗ್ರಿ ಅಂತ ಹೇಳ್ರಿ" ಎಂದು ಗದರಿಸಿ ಕಳಿಸಿದೆ. ದುಃಖವೇನೋ ಬೇಕಾದಷ್ಟಿತ್ತು. ಆದರೆ ಹೋದವರು ಹೋದರು, ಅವರು ಮಷೀನಿನ ಹತ್ತಿರ ಬಂದು ನಿಲ್ಲುವುದಿಲ್ಲ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಈಗ ನಾನೇ ಇದನ್ನು ಬರೆಯಲು ಕೂತಿದ್ದೇನೆ. ನೀವು ಅರ್ಧಕ್ಕೆ ಎದ್ದು ಹೋದರೆ ನನಗೆ ಬೇಸರವಿಲ್ಲ.

ನಾವು ಮಾನ್ವಿಯವರು. ನನ್ನ ತವರು ಕುರ್ಡಿ. ಅಲ್ಲಿ ನನ್ನ ಹೆಸರು ಹಂಪವ್ವ. ಮದುವೆ ಗೊತ್ತಾದಾಗ ಒಂದು ತೊಡಕು ಬಂತು. ಅತ್ತೆಯವರ ಹೆಸರು ಹಂಪಮ್ಮ. ಅವ್ವ ಎಂದರೇನು, ಅಮ್ಮ ಎಂದರೇನು, ಹೆಸರು ಒಂದೇ ಎಂದರು ಹಿರಿಯರು. ಒಂದೇ ಮನೆಯಲ್ಲಿ ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಕರೆಯುವುದು ಹೇಗೆ? ಹಾಗಾಗಿ ಮದುವೆಯ ದಿನವೇ ನನಗೆ ವಿಜಯಲಕ್ಷ್ಮಿ ಎಂದು ಹೊಸ ಹೆಸರಿಟ್ಟರು. ಆಧಾರ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಅದೇ ಹೆಸರು. ಹಳೆಯ ಹೆಸರು ಕುರ್ಡಿಯ ನಾಲ್ಕು ಮುದುಕಿಯರಿಗೆ ಬಿಟ್ಟರೆ ಈಗ ಯಾರಿಗೂ ನೆನಪಿಲ್ಲ.

ನಮ್ಮಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹೇಳುವುದಿಲ್ಲ. ಹೇಳುವುದು ಒಡಪಿನಲ್ಲಿ ಮಾತ್ರ. ಮದುವೆಯಾಗಿ ಹೊಸ್ತಿಲು ದಾಟುವಾಗ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು, "ಹೆಸರು ಹೇಳಿ ಒಳಗ ಬರ್ರಿ" ಎನ್ನುತ್ತಾರೆ. ಆಗ ನಾಲ್ಕು ಸಾಲು ಹಾಡಿನಂತೆ ಕಟ್ಟಿ, ಕೊನೆಗೆ ಹೆಸರು ಸೇರಿಸಿ ಹೇಳಬೇಕು. ನಾನು ಬಾಯಿಪಾಠ ಮಾಡಿ ಬಂದಿದ್ದೆ, ಹೇಳಿದೆ. ಅವರ ಸರದಿ ಬಂದಾಗ ಅವರು ಕಿವಿಯವರೆಗೂ ಕೆಂಪಾಗಿ ನೆಲ ನೋಡುತ್ತ ನಿಂತರು. "ಹಳೇದು ಹೇಳಂಗಿಲ್ಲ, ಹೊಸಾದು ಇನ್ನ ಬಾಯಾಗ ಕುಂತಿಲ್ಲ, ಪಾಪ ಬಿಡ್ರಿ ಅವನ್ನ" ಎಂದು ಅವರ ಅಕ್ಕ ನಕ್ಕು ದಾರಿ ಬಿಟ್ಟರು.

ಆ ಹೊಸದು ಇಪ್ಪತ್ತಾರು ವರ್ಷವಾದರೂ ಅವರ ಬಾಯಲ್ಲಿ ಕೂರಲಿಲ್ಲ. ಗಿರಣಿಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಯಾರದಾರ ಒಳಗ?" ಎನ್ನುತ್ತಿದ್ದರು. ನಮಗೆ ಮಕ್ಕಳಿಲ್ಲ. ಅತ್ತೆ ಹೋದ ಮೇಲೆ ಒಳಗಿರುತ್ತಿದ್ದವಳು ನಾನೊಬ್ಬಳೇ. ಆದರೂ ದಿನಾ ಅದೇ ಮಾತು. ಒಳ್ಳೆಯ ಮನುಷ್ಯರು. ಒಂದು ದಿನ ಕೈ ಎತ್ತಿದವರಲ್ಲ, ಏರು ಮಾತಾಡಿದವರಲ್ಲ. ನಕ್ಕರೂ ತುಟಿ ಮುಚ್ಚಿಕೊಂಡು ನಗುತ್ತಿದ್ದರು. ಅವರ ಹಲ್ಲು ಹೇಗಿವೆ ಎಂದು ಯಾರಾದರೂ ಕೇಳಿದ್ದರೆ ನಾನು ಯೋಚಿಸಿ ಹೇಳಬೇಕಾಗುತ್ತಿತ್ತು.

ಅಂಥವರು ಜರ್ಮನಿಗೆ ಹೋಗಿ ಬಂದರು. ಅಕ್ಕಿಯಲ್ಲಿ ಕಪ್ಪು ಕಾಳು ಆರಿಸುವ ಯಂತ್ರ ಮಾರುವವರು ರಾಯಚೂರು ಕಡೆಯ ಗಿರಣಿ ಮಾಲೀಕರನ್ನು ಕರೆದುಕೊಂಡು ಹೋಗಿದ್ದರು. ಯಂತ್ರ ತೋರಿಸಿದ ಮೇಲೆ ಒಂದು ದಿನ ಮ್ಯೂನಿಕ್ ಊರಿನ ಬಿಯರ್ ಹಬ್ಬ ತೋರಿಸಿದರಂತೆ. ನಮ್ಮವರು ಕೊರಳಲ್ಲಿ ಲಿಂಗ ಕಟ್ಟಿದವರು, ಆ ಡೇರೆಯಲ್ಲಿ ಕೂತು ನಿಂಬೆ ಶರಬತ್ತು ಕುಡಿದು ಬಂದರು. ಆದರೆ ಒಂದು ಫೋಟೋ ತಂದರು. ಅದರಲ್ಲಿ ಒಬ್ಬ ದಪ್ಪನೆಯ ಹೆಂಗಸು ಎರಡು ಕೈಯಲ್ಲಿ ಹತ್ತು ಗಾಜಿನ ಮಗ್ಗು ಎತ್ತಿಕೊಂಡು ನಗುತ್ತಿದ್ದಾಳೆ. ಪಕ್ಕದಲ್ಲಿ ಬೆಂಚಿನ ಮೇಲೆ ನಿಂತು ನಮ್ಮವರು ನಗುತ್ತಿದ್ದಾರೆ. ಬಾಯಿ ತೆರೆದು, ದವಡೆ ಹಲ್ಲು ಕಾಣುವ ಹಾಗೆ.

ಆ ನಗು ನಾನು ಮನೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ. ಮನೆಗೆ ಯಾರೇ ಬರಲಿ, ಫೋಟೋ ಹೊರಗೆ ಬರುತ್ತಿತ್ತು. "ನೋಡ್ರಿ ಈಕಿನ್ನ, ಒಂದೊಂದು ಮಗ್ಗು ಎರಡು ಸೇರಿಗಿಂತ ಭಾರ. ಹತ್ತು ಹಿಡಕೊಂಡು ಓಡ್ತಾಳ!" ಎನ್ನುತ್ತಿದ್ದರು. ಕುರ್ಡಿಯಲ್ಲಿ ನಾನು ತಲೆಯ ಮೇಲೊಂದು, ಸೊಂಟದ ಮೇಲೊಂದು ತುಂಬಿದ ಕೊಡ ಹೊತ್ತು ಹಳ್ಳದಿಂದ ಏರು ಹತ್ತುತ್ತಿದ್ದೆ. ಅದನ್ನು ಅವರೂ ನೋಡಿದ್ದರು. ಯಾರಿಗೂ ಹೇಳಿದ್ದು ನಾನು ಕೇಳಿಲ್ಲ. "ಏನ ನಡೀತ್ರಿ ಅಲ್ಲಿ, ಅಷ್ಟು ನಗು ಬರೂವಂಥಾದ್ದು?" ಎಂದು ಒಮ್ಮೆ ಕೇಳಿದೆ. ಅವರು ಮತ್ತೆ ಕಿವಿಯವರೆಗೆ ಕೆಂಪಾದರು. "ಏನಿಲ್ಲ, ಗದ್ಲಿತ್ತು" ಎಂದರು. ಆ ಕೆಂಪು ನೋಡಿದ ಮೇಲೆ ಫೋಟೋವನ್ನು ಟ್ರಂಕಿನ ತಳಕ್ಕೆ ಹಾಕಿದೆ. ಅವರು ಹುಡುಕಿ ತೆಗೆದರು. ಮತ್ತೆ ಹಾಕಿದೆ.

ಏಳು ವರ್ಷದ ನಂತರ ಎದೆ ನೋವು ಬಂದು ಮಾನ್ವಿಯಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ, ಕಾರಿನಲ್ಲಿ, ನನ್ನ ಮಡಿಲಲ್ಲಿ ತಲೆಯಿಟ್ಟು ಅವರು ಹೋದರು. ತುಟಿ ಅಲ್ಲಾಡಿದಾಗ ನಾನು ಬಗ್ಗಿ ಕಿವಿ ಕೊಟ್ಟೆ. ಹೆಸರು ಹೇಳುತ್ತಾರೇನೋ ಎಂಬ ಆಸೆ. "ಇಲ್ಲೇ ಅದಿ ಏನು?" ಎಂದರು, ಅಷ್ಟೇ.

ಮುಂದಿನ ವರ್ಷ ಅದೇ ಪ್ರವಾಸ ಮತ್ತೆ ಹೊರಟಿತು. ದೇವದುರ್ಗದ ಗಿರಣಿಯ ಬಸಣ್ಣ ಮನೆಗೆ ಬಂದರು. ಮೊದಲ ಸಲ ನಮ್ಮವರ ಜೊತೆ ಹೋಗಿದ್ದವರು, ನನಗೆ ತಮ್ಮನ ಹಾಗೆ. "ಅಕ್ಕಾ, ಈಗ ಗಿರಣಿ ನಡಸೋರು ನೀವು. ಅವರ ಜಾಗಾದಾಗ ನೀವು ಬರ್ರಿ. ಮನಸ್ಸು ಹಗುರಾಗ್ತದ" ಎಂದರು. ನಾನು ಕೂಡಲೇ ಹ್ಞೂಂ ಎಂದದ್ದು ಅವರಿಗೇ ಆಶ್ಚರ್ಯವಾಯಿತು. ದುಃಖ ಮರೆಯಲು ಹೊರಟಳು ಎಂದು ಊರವರು ಅಂದುಕೊಂಡರು. ನಿಜ ಹೇಳುತ್ತೇನೆ. ನಾನು ಹೊರಟದ್ದು ಹೊಟ್ಟೆಕಿಚ್ಚಿನಿಂದ. ಆ ಹೆಂಗಸನ್ನು ಕಣ್ಣಾರೆ ನೋಡಬೇಕಿತ್ತು. ನನ್ನ ಗಂಡ ಯಾಕೆ ನಕ್ಕರು ಎಂದು ಅವಳನ್ನೇ ಕೇಳಬೇಕಿತ್ತು. ಫೋಟೋವನ್ನು ಕೈಚೀಲದಲ್ಲಿ ಇಟ್ಟುಕೊಂಡೆ.

ಹಬ್ಬದ ಬಯಲಿಗೆ ನಾವು ಹೋದಾಗ ಬೆಳಿಗ್ಗೆ ಹನ್ನೊಂದು ಗಂಟೆ, ಒಳ್ಳೆಯ ಬಿಸಿಲು. ಡೇರೆ ಎಂದರೆ ನಮ್ಮ ಮದುವೆಯ ಪೆಂಡಾಲ್ ಅಂದುಕೊಂಡಿದ್ದೆ. ಅಲ್ಲಿಯದು ಹತ್ತು ಗೋದಾಮು ಸೇರಿಸಿದಷ್ಟು ದೊಡ್ಡದು. ಉದ್ದುದ್ದ ಮೇಜು, ಬೆಂಚು, ನಡುವೆ ಎತ್ತರದ ಕಟ್ಟೆಯ ಮೇಲೆ ಬ್ಯಾಂಡಿನವರು. ಗಂಡಸರು ಮೊಣಕಾಲಿನವರೆಗಿನ ಚರ್ಮದ ಚಡ್ಡಿ ಹಾಕಿದ್ದರು. ಅಜ್ಜಿಯರು, ಮೊಮ್ಮಕ್ಕಳು, ಸಂಸಾರ ಸಮೇತ ಬಂದವರು ಬೇಕಾದಷ್ಟು ಜನ. ನಾನು ಇಳಕಲ್ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಬೆಂಚಿನ ತುದಿಗೆ ಕೂತೆ. ಎದುರಿಗೆ ಬಸಣ್ಣ ಕೂತರು.

"ಅಕ್ಕಾ, ಸೀರಿ ನೋಡಿ ಎಲ್ಲಾರೂ ನಿಮ್ಮನ್ನ ರಾಣಿ ಅಂದ್ಕೊಂಡಾರ" ಎಂದು ಬಸಣ್ಣ ನಗಿಸಲು ನೋಡಿದರು.

"ನೀ ಸುಮ್ನ ಕುಂದರಪಾ, ಬಿಯರ್ ಕುಡ್ಯೂಕಿನ್ನ ಮೊದ್ಲ ನಿನಗ ಏರ್‍ಯದ" ಎಂದೆ.

ನನ್ನ ಕಣ್ಣೆಲ್ಲ ಮಗ್ಗು ಹೊತ್ತು ಓಡಾಡುವ ಹೆಂಗಸರ ಮೇಲೆ. ಒಬ್ಬೊಬ್ಬರ ಮುಖವನ್ನೂ ಫೋಟೋದ ಮುಖಕ್ಕೆ ಹೋಲಿಸುತ್ತಿದ್ದೆ. ಅಷ್ಟರಲ್ಲಿ ನಮ್ಮ ಸಾಲಿಗೆ ಒಬ್ಬಳು ಬಂದಳು. ಅದೇ ದಪ್ಪ, ಅದೇ ಕೆಂಪು ಕೆನ್ನೆ. ಇವಳೇ ಎಂದುಕೊಂಡೆ. ಜಗಳ ಕಾಯಲು ಬಂದವಳ ಹಾಗೆ ಸೆರಗು ಬಿಗಿದುಕೊಂಡೆ. ಅವಳು ಮಗ್ಗುಗಳನ್ನು ದಡ್ಡನೆ ಮೇಜಿನ ಮೇಲಿಟ್ಟಳು. ಅದರಲ್ಲಿ ನನ್ನ ನಿಂಬೆ ಶರಬತ್ತಿನ ಮಗ್ಗನ್ನು ಬೇರೆ ಮಾಡಿ ನನ್ನ ಮುಂದೆ ಸರಿಸಿದಳು. ನನ್ನ ಮುಖ ನೋಡಿ ಹೇಳಿದಳು:

"ಹಂಪವ್ವಾ."

ಕೊನೆಯ ಅಕ್ಷರ ಎಳೆದು, ಅಂಗಳದಿಂದ ಒಳಮನೆಯವರನ್ನು ಕೂಗುವ ಹಾಗೆ. ನಾನು ಯೋಚನೆ ಮಾಡಲಿಲ್ಲ. "ಓ" ಎಂದೆ. ಸಣ್ಣ ಹುಡುಗಿಯಾಗಿದ್ದಾಗ ಹೇಗೆ ಓಗೊಡುತ್ತಿದ್ದೆನೋ ಹಾಗೇ ಬಂತು.

ಅವಳು ಹೊರಟೇಹೋದಳು. ಮನಸ್ಸಿನ ಭ್ರಮೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆನೋ ಏನೋ. ಆದರೆ ಬಸಣ್ಣ ಎದ್ದು ನಿಂತಿದ್ದರು.

"ಆಕಿ ಏನಂದ್ಲು ಅಕ್ಕಾ?"

"ನಿನಗ ಏನ ಕೇಳ್ತು?"

"ಹಂಪಮ್ಮಾ ಅಂದ್ಲು. ನಿಮ್ಮತ್ತಿಯವರ ಹೆಸರು."

ಬಸಣ್ಣನಿಗೆ ನನ್ನ ತವರಿನ ಹೆಸರು ಗೊತ್ತಿರಲಿಲ್ಲ. ಅವರ ಕಿವಿಗೆ ಬಿದ್ದದ್ದು ಅಮ್ಮ, ನನ್ನ ಕಿವಿಗೆ ಬಿದ್ದದ್ದು ಅವ್ವ. ಬಿದ್ದದ್ದಂತೂ ಇಬ್ಬರಿಗೂ ನಿಜ.

ನಮ್ಮ ಜೊತೆ ಹೈದರಾಬಾದಿನ ಒಬ್ಬ ಗೈಡ್ ಇದ್ದ, ಆ ಭಾಷೆ ಬಲ್ಲವನು. ಅವನನ್ನು ಕಳಿಸಿ ಅವಳನ್ನು ಕರೆಸಿದೆವು. ಫೋಟೋ ತೋರಿಸಿದೆ. ಅವಳು ಹತ್ತಿರ ಹಿಡಿದು ನೋಡಿ, ನಕ್ಕು, ತಲೆಯಾಡಿಸಿದಳು. ಅದು ತಾನಲ್ಲ, ಯಾರೆಂದೂ ಗೊತ್ತಿಲ್ಲ, ತಾನು ಈ ಕೆಲಸಕ್ಕೆ ಸೇರಿ ಇದು ಎರಡನೇ ವರ್ಷ ಎಂದಳಂತೆ. ನನಗೇನು ಹೇಳಿದಿರಿ ಎಂದು ಕೇಳಿಸಿದೆ. ಮಗ್ಗು ಭಾರ ಇದೆ, ಹುಷಾರು ಎಂದು ಹೇಳಿದೆ, ಎಲ್ಲರಿಗೂ ಹಾಗೇ ಹೇಳುತ್ತೇನೆ ಎಂದಳಂತೆ. "ಉನೋ ಕಿಸೀಕಾ ನಾಮ್ ನೈ ಲಿಯೇ ಅಮ್ಮಾ" ಎಂದ ಗೈಡ್. ಅವಳು ಯಾರ ಹೆಸರನ್ನೂ ಹೇಳಿಲ್ಲ. ಆ ಹುಷಾರು ಎಂಬ ಮಾತನ್ನು ಅವರ ಭಾಷೆಯಲ್ಲಿ ಇನ್ನೊಮ್ಮೆ ಹೇಳಿಸಿದೆ. ಅದು ನನ್ನ ಹೆಸರಿನ ಹತ್ತಿರವೂ ಸುಳಿಯುವ ಮಾತಲ್ಲ.

ಆ ಹೊತ್ತಿಗೆ ಬ್ಯಾಂಡಿನವರು ಒಂದು ಹಾಡು ಎತ್ತಿದರು. ಡೇರೆಗೆ ಡೇರೆಯೇ ಎದ್ದು ನಿಂತಿತು, ಮಗ್ಗು ಎತ್ತಿತು, ಒಂದೇ ಮಾತು ಕೂಗಿತು. ಬಸಣ್ಣ ಮಾತ್ರ ಕೂತೇ ಇದ್ದರು. ಕೂಗು ಇಳಿದ ಮೇಲೆ, ಮೇಜಿನ ಮೇಲೆ ಬಗ್ಗಿ ಹೇಳಿದರು.

"ಅಕ್ಕಾ, ತಪ್ಪು ನಂದದ. ಮೊದಲ ಸಲ ಬಂದಾಗ ಅಣ್ಣಾರು ಕೇಳಿದ್ರು, ಇವ್ರೆಲ್ಲಾ ಏನ ಕೂಗಾಕತ್ತಾರಪಾ ಅಂತ. ನಾ ಚಾಷ್ಟಿ ಮಾಡ್ದೆ. ಇದು ಇವರ ಒಡಪು ರೀ, ಮಗ್ಗು ಎತ್ತಿದಾಗ ಮನ್ಯಾಗಿನ ಹೆಣ್ಣಮಗಳ ಹೆಸರು ಕೂಗಬೇಕು, ಇಲ್ಲಂದ್ರ ಎಬ್ಬಿಸಿ ಹೊರಗ ಹಾಕ್ತಾರ ಅಂದೆ. ಖರೇ ಅಂತ ತಿಳಕೊಂಡ್ರು. ಒಂದೆರಡ ಸಲ ಸುಮ್ನ ಕುಂತ್ರು. ಆಮ್ಯಾಲ ಬೆಂಚ್ ಮ್ಯಾಲೆ ಹತ್ತಿ ಒದರಿದ್ರು ನೋಡ್ರಿ! ಬಾಜು ಇದ್ದ ಆ ದಪ್ಪಾಕಿ ಬೆಚ್ಚಿಬಿದ್ಲು. ಮಗ್ಗು ಬೀಳೋದು ತಪ್ತು. ಇಬ್ರೂ ನಕ್ರು. ಆವಾಗ ಫೋಟೋ ಹೊಡದ್ರು. ಅಲ್ಲಿಂದ ಬ್ಯಾಂಡ್ ಬಾರ್ಸಿದಾಗೊಮ್ಮಿ ಒದರೋದ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಸಿದ್ರು."

"ಯಾವ ಹೆಸರು?"

"ಹಂಪಮ್ಮಾ ಅಂತ. ತೀರಿಹೋದ ತಾಯೀನ ನೆನಸಾಕತ್ತಾರ ಅಂದ್ಕೊಂಡು ನಾವೂ ಸುಮ್ನಾದ್ವಿ."

"ಅಮ್ಮಾ ಅಂದ್ರೋ, ಅವ್ವಾ ಅಂದ್ರೋ?"

"ಆ ಗದ್ಲದಾಗ ಯಾರಿಗೆ ಗೊತ್ತು ಅಕ್ಕಾ? ಎರಡೂ ಒಂದ ಅಲ್ಲೇನು?"

ಎರಡೂ ಒಂದಲ್ಲ ಎಂದು ನಾನು ಅವರಿಗೆ ಬಿಡಿಸಿ ಹೇಳಲಿಲ್ಲ. ಹೇಗೆ ಹೇಳುವುದು? ಮಗ್ಗು ಹೊರುವ ಹೆಂಗಸಿನ ಮೇಲೆ ಏಳೆಂಟು ವರ್ಷ ಉರಿದುಕೊಂಡಿದ್ದೆ. ಈಗ ಒಂದೇ ಗಳಿಗೆಯಲ್ಲಿ ಆ ಉರಿ ಸತ್ತ ಅತ್ತೆಯ ಕಡೆ ತಿರುಗಿತು. ಅತ್ತೆ ಇದ್ದಾಗ, ನಾನು ಬಡಿದ ರೊಟ್ಟಿ ತಿಂದು, "ಅವ್ವನ ಕೈಯಾಗಿಂದು ಬ್ಯಾರೇನ" ಎನ್ನುತ್ತಿದ್ದರು ಮಗ. ಅತ್ತೆ ಹೋದ ಮೇಲೂ ಎನ್ನುತ್ತಿದ್ದರು. ರೊಟ್ಟಿಯಂತೂ ಹೋಯಿತು, ಆ ಕೂಗೂ ಅವರದೇ ಆಗಬೇಕೇ? ತವರಿನಿಂದ ತಂದ ಹೆಸರನ್ನು ಅವರಿಗಾಗಿ ಹೊಸ್ತಿಲ ಹೊರಗೇ ಬಿಟ್ಟು ಬಂದವಳು ನಾನು.

ಊರಿಗೆ ಬಂದ ಮೇಲೆ ಬಹಳ ಲೆಕ್ಕ ಹಾಕಿದ್ದೇನೆ. ಹಗಲು ಹೊತ್ತು. ನಾನು ಕುಡಿದಿರಲಿಲ್ಲ, ಬಸಣ್ಣನ ಮಗ್ಗೂ ಇನ್ನೂ ತುಂಬಿತ್ತು. ಗದ್ದಲದಲ್ಲಿ ಕಿವಿ ಮೋಸ ಮಾಡಿತೆಂದರೆ ಒಬ್ಬರಿಗೆ ಮಾಡಬೇಕು, ಇಬ್ಬರಿಗೂ ಒಟ್ಟಿಗೆ ಹೇಗೆ? ಒಂದು ದಿನ ಕದ ಹಾಕಿಕೊಂಡು ಕನ್ನಡಿ ಮುಂದೆ ಕೂತು ಎರಡೂ ಹೆಸರನ್ನು ಕೂಗಿ ನೋಡಿದೆ. ಫೋಟೋದಲ್ಲಿ ಅವರ ಬಾಯಿ ಇರುವ ರೀತಿಗೆ ಯಾವುದು ಹೊಂದುತ್ತದೆ ನೋಡೋಣ ಎಂದು. ಎರಡೂ ಕೊನೆಗೆ ಒಂದೇ ರೀತಿ ತೆರೆಯುತ್ತವೆ. ಅದು ಕೂಗಿದ ಬಾಯೋ, ನಕ್ಕ ಬಾಯೋ, ಅದೂ ಗೊತ್ತಾಗಲಿಲ್ಲ.

ಬಸಣ್ಣ ಈಗಲೂ ಸಿಕ್ಕಾಗ, "ನಿಮ್ಮತ್ತಿಯವರು ದೊಡ್ಡ ಜೀವ ಅಕ್ಕಾ, ಅಷ್ಟು ದೂರ ಬಂದು ಸೊಸೀನ ಮಾತಾಡ್ಸಿದ್ರು" ಎನ್ನುತ್ತಾರೆ. ಇರಬಹುದು. ಆ ಹೆಂಗಸಿನ ಬಾಯಿಗೆ ಆ ಹೆಸರು ಎಲ್ಲಿಂದ ಬಂತು, ಯಾರು ಕಳಿಸಿದರು, ಯಾರಿಗೆ ಕಳಿಸಿದರು, ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಕಾಣುವುದಿಲ್ಲ. ನಮ್ಮವರು ಕರೆದದ್ದು ತಾಯಿಯನ್ನೇ ಆಗಿದ್ದರೆ, ಅತ್ತೆಗೆ ಸೇರಬೇಕಾದ ಕರೆಗೆ ಅಡ್ಡ ಬಾಯಿ ಹಾಕಿ ಓ ಎಂದವಳು ನಾನು. ತಪ್ಪೇ ಇರಬಹುದು. ಅದನ್ನು ವಾಪಸ್ ಕೊಡುವ ಮನಸ್ಸು ಮಾತ್ರ ನನಗಿಲ್ಲ.